ಒಳಗೆ ಬಿಟ್ಟ ಬಟ್ಟೆ

ನನಗೊಂದು ಕೆಟ್ಟ ಚಾಳಿ ಇದೆ. ಬಟ್ಟೆ ಅಂಗಡಿಗೆ ಕಾಲಿಟ್ಟರೆ ಬಣ್ಣ ನೋಡುವುದಿಲ್ಲ, ಡಿಸೈನ್ ನೋಡುವುದಿಲ್ಲ. ಕೈಗೆ ಸಿಕ್ಕಿದ ಉಡುಪನ್ನು ಮೊದಲು ಒಳಮಗ್ಗುಲು ತಿರುಗಿಸಿ, ಹೊಲಿಗೆಯ ಆಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂದು ಎರಡು ಬೆರಳಲ್ಲಿ ಹಿಡಿದು ನೋಡುತ್ತೇನೆ. ಈಗಿನ ರೆಡಿಮೇಡುಗಳಲ್ಲಿ ಏನೂ ಇರುವುದಿಲ್ಲ ಬಿಡಿ, ಜೋರಾಗಿ ಸೀನಿದರೆ ಬಿಚ್ಚಿಕೊಳ್ಳುತ್ತೆ. ಮೊನ್ನೆ ಮೊಮ್ಮಗಳ ಹುಟ್ಟುಹಬ್ಬಕ್ಕೆ ಫ್ರಾಕ್ ತರಲು ಹೋದಾಗಲೂ ಇದೇ ಆಯಿತು. ಒಂದಾದ ಮೇಲೊಂದು ಏಳು ಫ್ರಾಕುಗಳನ್ನು ಮಗುಚಿ ಹಾಕಿದೆ. ಅಂಗಡಿಯ ಹುಡುಗಿ ತಡೆಯಲಾರದೆ, "ಆಂಟಿ, ಡ್ಯಾಮೇಜ್ ಏನೂ ಇಲ್ಲ" ಅಂದಳು. "ಡ್ಯಾಮೇಜ್ ಅಲ್ಲಮ್ಮ, ಬಟ್ಟೆ ಹುಡುಕ್ತಾ ಇದೀನಿ" ಅಂದೆ. ಬಟ್ಟೆ ಅಂಗಡಿಯೊಳಗೆ ನಿಂತು ಬಟ್ಟೆ ಹುಡುಕುವ ಹೆಂಗಸನ್ನು ಅವಳು ಕಂಡಿರಲಿಲ್ಲ ಅಂತ ಕಾಣುತ್ತೆ, ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದಳು. ನನ್ನ ಮಗಳು ಪಕ್ಕದ ಸಾಲಿಗೆ ಹೋಗಿ, ಈಕೆ ಯಾರೋ ನನಗೆ ಗೊತ್ತಿಲ್ಲ ಅನ್ನುವ ಮುಖ ಮಾಡಿ ನಿಂತಿದ್ದಳು.

ಈ ಚಾಳಿ ನನಗೆ ಅಂಟಿದ್ದು ಮಾಗಡಿಯ ಕಮಾನು ಮಳಿಗೆಯಿಂದ.

ಮಾಗಡಿಗೆ ರೈಲಿಲ್ಲ, ಇವತ್ತಿಗೂ ಬಸ್ಸೇ ಗತಿ. ರಾಮನಗರದಲ್ಲಿದ್ದ ನಮ್ಮ ಚಿಕ್ಕಮ್ಮ ನಮ್ಮ ಮನೆಗೆ ಬಂದಾಗಲೆಲ್ಲ, ಕೈಕಾಲು ತೊಳೆಯುವ ಮೊದಲೇ, "ಏನ್ರೇ, ನಿಮ್ಮೂರ್ಗೆ ಒಂದ್ ರೈಲೂ ಇಲ್ವಲ್ರೇ" ಅಂತ ಚುಚ್ಚುತ್ತಿದ್ದಳು. ಅವ್ವ ಸುಮ್ಮನಿರುವವಳೇ? "ರೈಲಿಲ್ದಿದ್ರೆ ಏನಾಯ್ತೀಗ, ಕಮಾನ್ ಮಳ್ಗೆ ಐತಲ್ಲ" ಅನ್ನುತ್ತಿದ್ದಳು. ಚಿಕ್ಕಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ಯಾಕೆಂದರೆ ಅವಳ ಧಾರೆ ಸೀರೆ ಬಂದದ್ದೂ ಅಲ್ಲಿಂದಲೇ.

ಕಲ್ಲಿನ ಕಮಾನುಗಳ ಸಾಲು, ಒಳಗೆ ಚೌಕದ ಅಂಗಳ, ಅಂಗಳದ ನಾಲ್ಕೂ ಕಡೆ ಜಗುಲಿ, ಜಗುಲಿಯ ಹಿಂದೆ ಅಂಗಡಿಗಳು. ಮಹಾರಾಜರ ಕಾಲದ್ದು ಅಂತ ದೊಡ್ಡವರು ಹೇಳುತ್ತಿದ್ದರು. ಯಾವ ಮಹಾರಾಜರು ಅಂತ ಕೇಳಿದರೆ ಗದರುತ್ತಿದ್ದರು. ಬಳೆ ಅಂಗಡಿ, ಪಾತ್ರೆ ಅಂಗಡಿ, ಚನ್ನಪಟ್ಟಣದ ಬೊಂಬೆಗಳನ್ನು ದಾರಕ್ಕೆ ಕಟ್ಟಿ ತೂಗುಹಾಕಿದ ಅಂಗಡಿ, ಎಲ್ಲ ಇದ್ದವು. ಆದರೆ ಮಳಿಗೆಯ ರಾಜ ಅಂದರೆ ಶೆಟ್ಟರ ಜವಳಿ ಅಂಗಡಿ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಒಳಗೆ ಹಾಸಿದ ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಶೆಟ್ಟರು ಥಾನು ಉರುಳಿಸಿದರೆ ಬಟ್ಟೆ ನಮ್ಮ ಮೊಣಕಾಲವರೆಗೆ ಬಂದು ನಿಲ್ಲುತ್ತಿತ್ತು. ಹೊಸ ಬಟ್ಟೆಯ ಗಂಜಿ ವಾಸನೆ ಎಳೆದುಕೊಳ್ಳುತ್ತಾ ನಾನು ಎಷ್ಟು ಹೊತ್ತು ಬೇಕಾದರೂ ಕೂತಿರುತ್ತಿದ್ದೆ, ಅವ್ವ ರಟ್ಟೆ ಹಿಡಿದು ಎಬ್ಬಿಸಬೇಕಾಗಿತ್ತು.

ಒಳಗೆ ಬಟ್ಟೆ ಕೊಂಡು ಹೊರಗೆ ಬಂದರೆ ಜಗುಲಿಯ ಮೇಲೆ ಮೂರು ಜನ ಟೈಲರುಗಳು. ಮಗುವನ್ನು ಮುಂದೆ ನಿಲ್ಲಿಸಿ ಎಲ್ಲ ತಾಯಂದಿರೂ ಹೇಳುತ್ತಿದ್ದುದು ಒಂದೇ ಮಾತು: "ಬೆಳೆಯೋ ಮಗ ಕಣಪ್ಪ, ಒಳಗೆ ಒಸಿ ಬಟ್ಟೆ ಬುಡು." ಹೀಗಾಗಿ ನಮ್ಮ ಲಂಗಗಳು ಮೊದಲ ವರ್ಷ ನೆಲ ಗುಡಿಸುತ್ತಿದ್ದವು, ಕೊನೆಯ ವರ್ಷ ಮೊಣಕಾಲು ತೋರಿಸುತ್ತಿದ್ದವು. ಮಧ್ಯೆ ಎಲ್ಲೋ ಒಂದು ತಿಂಗಳು ಅಳತೆ ಸರಿಯಾಗಿ ಕೂರುತ್ತಿತ್ತು. ಆ ತಿಂಗಳು ಯಾವಾಗಲೂ ಬೇಸಿಗೆ ರಜೆಯಲ್ಲೇ ಬರುತ್ತಿತ್ತು, ನೋಡುವವರು ಯಾರೂ ಇರುತ್ತಿರಲಿಲ್ಲ.

ನಾನು ಎಂಟನೇ ಕ್ಲಾಸಿಗೆ ಮಾಗಡಿಯ ಹೈಸ್ಕೂಲು ಸೇರಿದ ವರ್ಷ ಅವ್ವ ಮೂರು ಗಜ ನೀಲಿ ಬಟ್ಟೆ ಕೊಂಡು, ಮೂವರಲ್ಲಿ ಚಿಕ್ಕವರಾದ ಬಾಷಾ ಸಾಬರ ಕೈಗೆ ಕೊಟ್ಟಳು. ಅವರಿಗೆ ಆಗ ಇಪ್ಪತ್ತೈದೂ ಆಗಿರಲಿಲ್ಲವೇನೋ. "ದೊಡ್ಡವಳ್ಗೆ ಲಂಗ ಹೊಲ್ದು, ಮಿಕ್ಕಿದ್ರಲ್ಲಿ ಚಿಕ್ಕವಳ್ಗೂ ಒಂದು ಗಿಡ್ಡ ಲಂಗ ಹೊಲಿಯಪ್ಪ" ಅಂದಳು. ಚಿಕ್ಕವಳು ಅಂದರೆ ನನ್ನ ತಂಗಿ ಪುಟ್ಟಿ. ವಾರ ಬಿಟ್ಟು ಹೋದರೆ ಒಂದೇ ಲಂಗ ರೆಡಿಯಾಗಿತ್ತು.

"ಇನ್ನೊಂದೆಲ್ಲಪ್ಪ?"

"ಮಿಗಲಿಲ್ಲ ಅಕ್ಕ."

"ಮಿಗಲಿಲ್ವಾ? ಮೂರ್ ಗಜ ಕೊಟ್ಟಿವ್ನಿ! ಇವಳೇನು ಆನೆಮರಿಯಾ?"

ಸಾಬರು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಾ ಕೂತರು. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ನಾನಿದ್ದೆನಲ್ಲ! ಹದಿಮೂರು ವರ್ಷದ ಜಾಣೆ. ಹೊಲಿಗೆ ಮಿಷನ್ನಿನ ಡ್ರಾಯರು ಅರ್ಧ ತೆರೆದಿತ್ತು. ಬಗ್ಗಿ ನೋಡಿದೆ. "ಅವ್ವಾ, ಡ್ರಾಯರಲ್ಲಿ ಐತೆ ನಮ್ ಬಟ್ಟೆ! ನೀಲಿ ಬಟ್ಟೆ! ನಾನ್ ನೋಡ್ದೆ!" ಅಂತ ಕೂಗಿದೆ. ಜೂನ್ ತಿಂಗಳಲ್ಲಿ, ಸ್ಕೂಲು ಶುರುವಾಗುವ ಹೊತ್ತಿನಲ್ಲಿ, ಮಾಗಡಿಯ ಯಾವ ಟೈಲರಿನ ಡ್ರಾಯರಿನಲ್ಲಿ ನೀಲಿ ಬಟ್ಟೆಯ ಚೂರು ಇರುವುದಿಲ್ಲ ಹೇಳಿ? ಊರಿನ ಎಲ್ಲ ಹೆಣ್ಣುಮಕ್ಕಳ ಲಂಗವೂ ನೀಲಿಯೇ. ಈ ಬುದ್ಧಿ ಆಗ ನನಗೂ ಇರಲಿಲ್ಲ, ಅವ್ವನಿಗೂ ಹೊಳೆಯಲಿಲ್ಲ. ಅವಳು ಅಂಗಳದ ಮಧ್ಯಕ್ಕೆ ಹೋಗಿ ನಿಂತು, "ಕಳ್ಳ ಕಣ್ರಪ್ಪೋ ಇವ್ನು! ಹೆಣ್ಮಕ್ಕಳ ಬಟ್ಟೆ ಕದಿಯೋ ಕಳ್ಳ!" ಅಂತ ನಾಲ್ಕೂ ದಿಕ್ಕಿಗೆ ಕೇಳುವ ಹಾಗೆ ಅರಚಿದಳು. ಬಳೆ ಅಂಗಡಿಯಲ್ಲಿ ಕೈ ಚಾಚಿದ್ದವರೆಲ್ಲ ಅರ್ಧ ಬಳೆ ತೊಟ್ಟುಕೊಂಡೇ ಎದ್ದು ಬಂದರು. ಶೆಟ್ಟರು ಹೊರಗೆ ಬಂದು, "ನನ್ನ ಅಂಗ್ಡಿ ಹೆಸರು ಕೆಡ್ಸಬ್ಯಾಡ, ಈ ಜಗುಲಿ ಬುಟ್ಟು ಏಳು" ಅಂದರು. ಸಾಬರು ಒಂದೇ ಒಂದು ಮಾತಾಡಲಿಲ್ಲ. ಮಿಷನ್ನನ್ನು ಎತ್ತಿಕೊಂಡು ಹೋಗಿ ಮೂಲೆಯ ಮಹಡಿ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಇಟ್ಟುಕೊಂಡರು. ನಾನು ಕಳ್ಳನನ್ನು ಹಿಡಿದುಕೊಟ್ಟ ಹೆಮ್ಮೆಯಲ್ಲಿ ಹೊಸ ಲಂಗ ಎದೆಗೊತ್ತಿಕೊಂಡು ಮನೆಗೆ ನಡೆದೆ.

ಆ ಲಂಗ ಒಗೆದರೆ ಒಣಗುವುದಕ್ಕೆ ಎರಡು ದಿನ ಹಿಡಿಯುತ್ತಿತ್ತು. ಒಗೆಯುತ್ತಿದ್ದವಳು ನಾನೇ. ದಪ್ಪ ಬಟ್ಟೆ, ಒಳ್ಳೇ ಕ್ವಾಲಿಟಿ ಅಂದುಕೊಂಡಿದ್ದೆ. ಎಂಥಾ ದಡ್ಡಿ ನೋಡಿ.

ಎರಡು ವರ್ಷದಲ್ಲಿ ನಾನು ಸರ್ರನೆ ಎತ್ತರವಾದೆ. ಹತ್ತನೇ ಕ್ಲಾಸು ಶುರುವಾಗುವ ಹೊತ್ತಿಗೆ ಲಂಗ ಮೊಣಕಾಲು ಬಿಟ್ಟು ಮೇಲೇರಿತ್ತು. ಅಪ್ಪ ಒಂದು ಬೆಳಿಗ್ಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಿಂಗೆ ಕಾಲ್ ಬುಟ್ಕಂಡು ರೋಡಲ್ಲಿ ಹೋಗೋದು ಬ್ಯಾಡ. ಹೊಸಾದು ತರಕ್ಕೆ ಈಗಾಗಲ್ಲ. ಓದಿದ್ದು ಸಾಕು, ಮನೇಲಿರು" ಅಂದುಬಿಟ್ಟ. ಆ ವರ್ಷ ನನ್ನ ಜೊತೆಯ ಇಬ್ಬರು ಸ್ಕೂಲು ಬಿಟ್ಟಿದ್ದೂ ಹೀಗೆಯೇ. ಹುಡುಗಿ ಬೆಳೆದಳು, ಲಂಗ ಬೆಳೆಯಲಿಲ್ಲ, ಅಷ್ಟೇ ಕಾರಣ. ನಾನು ಅನ್ನ ಬಿಟ್ಟು ಅತ್ತೆ. ಅವ್ವ, ನಾಲ್ಕು ಬೆರಳಷ್ಟಾದರೂ ಸಿಕ್ಕೀತೇನೋ ಅಂತ ಬ್ಲೇಡು ಹಿಡಿದು ಲಂಗದ ಅಂಚಿನ ಹೊಲಿಗೆ ಬಿಚ್ಚಿದಳು. ಒಂದು ಮಡಿಕೆ ಬಿಚ್ಚಿತು. ಅದರೊಳಗೆ ಇನ್ನೊಂದು. ಅದರೊಳಗೆ ಮತ್ತೊಂದು. ಸೊಂಟದ ಪಟ್ಟಿಯೊಳಗೂ ಸುತ್ತಿಟ್ಟ ಬಟ್ಟೆ ಇತ್ತು. ಪುಟ್ಟಿಗೆ ಸಿಗಬೇಕಾಗಿದ್ದ ಲಂಗವೆಲ್ಲ ನನ್ನ ಲಂಗದೊಳಗೇ ಕೂತಿತ್ತು.

ಅವ್ವ ಬ್ಲೇಡು ಕೆಳಗಿಟ್ಟು, "ಅಯ್ಯೋ ನನ್ ಬಾಯ್ಗೆ ಮಣ್ಣಾಕ! ಆ ಪಾಪದವನ್ನ ಕಳ್ಳ ಅಂದ್ಬುಟ್ನಲ್ಲೇ" ಅಂತ ಗೋಡೆಗೊರಗಿ ಕೂತಳು.

ಮೇಲೆ ಮಾಸಿದ ನೀಲಿ, ಕೆಳಗೆ ಹೊಚ್ಚಹೊಸ ನೀಲಿ. ಆ ಎರಡು ಬಣ್ಣದ ಲಂಗದಲ್ಲೇ ನಾನು ಎಸ್ಸೆಸ್ಸೆಲ್ಸಿ ಮುಗಿಸಿದೆ. ಹುಡುಗರು ನಕ್ಕರು, ನಗಲಿ. ಪಾಸಾಗಿದ್ದಕ್ಕೆ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು, ಅದರಿಂದ ಕೆಲಸ ಸಿಕ್ಕಿತು, ಹಾರೋಹಳ್ಳಿ ಕಡೆಯ ಸ್ಕೂಲುಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದೆ. ನಾನು ಉಂಡ ಅನ್ನದ ಪ್ರತಿ ಅಗುಳಿನಲ್ಲೂ ಆ ನೀಲಿ ಬಟ್ಟೆಯ ಋಣವಿದೆ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ನಾಚಿಕೆಯ ವಿಷಯ ಬೇರೆ ಇದೆ. ಅವರೆಕಾಯಿ ಕಾಲ ಬಂದಾಗ ಅವ್ವ ಸೊಗಡಿನ ಅವರೆಯನ್ನು ಒಂದು ಚೀಲ ತುಂಬಿ, "ಟೈಲರ್ ಸಾಬ್ರಿಗೆ ಕೊಟ್ಬುಟ್ಟು, ನಮ್ಮವ್ವ ತೆಪ್ಪಾಯ್ತು ಅಂದ್ಳು ಅಂತ ಹೇಳ್ಬುಟ್ಟು ಬಾ" ಅಂತ ನನ್ನನ್ನು ಕಳಿಸಿದಳು. ಹೋದೆ. ಮೆಟ್ಟಿಲ ಕೆಳಗೆ ಸಣ್ಣ ಬಲ್ಬಿನ ಬೆಳಕಲ್ಲಿ ಅವರು ಬಗ್ಗಿ ಹೊಲಿಯುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿದರು. ಅಷ್ಟಕ್ಕೇ ಚೀಲದ ಸಮೇತ ಓಡಿಬಿಟ್ಟೆ. ಅವರೆಕಾಯಿಯನ್ನು ಸ್ಕೂಲಿಗೆ ಹೊತ್ತುಕೊಂಡು ಹೋಗಿ ಕನ್ನಡ ಟೀಚರಿಗೆ ಕೊಟ್ಟು ಹೊಗಳಿಸಿಕೊಂಡೆ. ಮನೆಗೆ ಬಂದು, ಕೊಟ್ಟೆ ಅಂದೆ. "ಏನಂದ್ರು?" ಅಂತ ಅವ್ವ ಕೇಳಿದಳು. "ನಕ್ರು" ಅಂದೆ. ಅವ್ವನ ಮುಖ ಎಷ್ಟು ಹಗುರಾಯಿತು ಅಂತೀರಿ! ಆಮೇಲೆ ಪೇಟೆಗೆ ಹೋದಾಗಲೆಲ್ಲ ದೂರದಿಂದ ಅವರಿಗೆ ತಲೆಯಾಡಿಸಿ ಬರುತ್ತಿದ್ದಳು. ನಾನು ಮಾತ್ರ ಆ ಮಳಿಗೆಯ ಕಡೆ ತಲೆ ಹಾಕಲಿಲ್ಲ. ರವಿಕೆ ಹೊಲಿಸಲು ಕನಕಪುರಕ್ಕೆ ಹೋದೆನೇ ಹೊರತು ಅಲ್ಲಿಗೆ ಹೋಗಲಿಲ್ಲ.

ಹೋದ ವರ್ಷ ಅವ್ವ ತೀರಿಕೊಂಡಳು, ಸಾಬರಿಗೆ ಅವರೆಕಾಯಿ ಮುಟ್ಟಿದೆ ಅಂತ ನಂಬಿಕೊಂಡೇ. ಈಗ ಅವಳ ಹೆಸರಿನ ಹೊಲವನ್ನು ನಮ್ಮ ಹೆಸರಿಗೆ ಮಾಡಿಸುವ ಪೌತಿ ಖಾತೆಯ ಕೆಲಸಕ್ಕೆ ಮಾಗಡಿಯ ಕಚೇರಿಗೆ ಹೋಗಬೇಕಾಯಿತು. ಕಚೇರಿ ಎಲ್ಲಿದೆ ಅಂತ ಕೇಳಿದರೆ ಪುಟ್ಟಿ ಫೋನಿನಲ್ಲಿ, "ಕಮಾನು ಮಳ್ಗೆನೇ ಈಗ ಆಫೀಸು ಕಣಕ್ಕ. ಅಂಗ್ಡಿ ಎಲ್ಲಾ ಎತ್ತಂಗಡಿ ಆಯ್ತು" ಅಂದಳು. ನನಗೆ ಸಾಬರ ನೆನಪಾಯಿತು. ಆ ಮನುಷ್ಯ ಬದುಕಿದ್ದರೆ ಎಪ್ಪತ್ತರ ಮೇಲೆ ಮೂರು ನಾಲ್ಕಾಗಿರಬೇಕು. ಅಂಗಡಿಗಳೇ ಇಲ್ಲವೆಂದ ಮೇಲೆ ಅವರನ್ನು ಎಲ್ಲಿ ಹುಡುಕಲಿ? ಅರ್ಜಿ ಆದರೆ ಆಯಿತು, ಬಿಟ್ಟರೆ ಬಿಟ್ಟಿತು, ಆ ಒಂದು ಮಾತು ಮಾತ್ರ ಅವರಿಗೆ ಹೇಳಿಯೇ ಸಾಯಬೇಕು ಅಂದುಕೊಂಡು ಬಸ್ಸು ಹತ್ತಿದೆ.

ಹಳೇ ಕಟ್ಟಡ ಕೆಡವಿ ಆಫೀಸು ಕಟ್ಟಿರುತ್ತಾರೆ ಅಂದುಕೊಂಡಿದ್ದೆ, ಕೆಡವಿಲ್ಲ! ಕಮಾನುಗಳನ್ನು ಕಂಡ ಕೂಡಲೇ ಕೈಮುಗಿಯಬೇಕು ಅನ್ನಿಸಿತು. ಚಾವಣಿ ರಿಪೇರಿ ಮಾಡಿ, ಕಲ್ಲು ತೊಳೆದು, ಅಂಗಡಿಗಳ ಹಲಗೆ ಬಾಗಿಲ ಬದಲು ಗಾಜಿನ ಬಾಗಿಲು ಹಾಕಿದ್ದಾರೆ. ಬಳೆ ಅಂಗಡಿಯಲ್ಲಿ ಸರ್ವೆಯವರು, ಪಾತ್ರೆ ಅಂಗಡಿಯಲ್ಲಿ ಪಿಂಚಣಿಯವರು, ಬೊಂಬೆ ತೂಗುತ್ತಿದ್ದ ಕೊಕ್ಕೆಗಳಲ್ಲಿ ವೈರುಗಳು. ಶೆಟ್ಟರ ಅಂಗಡಿಯೇ ನಾನು ಹೋಗಬೇಕಾದ ಕಚೇರಿ. ಅದರ ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ ನನಗೆ ನಗು ಬಂತು. ಗಾದಿ ಹೋಗಿ ಟೈಲ್ಸ್ ಬಂದಿದ್ದರೂ ನಮ್ಮ ಕಡೆಯ ಮುದುಕ ಮುದುಕಿಯರು ಆ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದನ್ನು ಬಿಟ್ಟಿಲ್ಲ. ನಾನೂ ಬಿಟ್ಟೇ ಒಳಗೆ ಹೋದೆ. ಬೇರೆ ಜಿಲ್ಲೆಯಿಂದ ಬಂದ ಎಳೆಯ ಅಧಿಕಾರಿ ನನ್ನ ಬರಿಗಾಲು ನೋಡಿ, "ಮಾಗಡಿ ಜನಕ್ಕೆ ಸರ್ಕಾರಿ ಕಚೇರಿ ಅಂದ್ರೆ ಎಷ್ಟು ಗೌರವ ಮೇಡಂ! ನಾನು ಎಲ್ಲೂ ನೋಡಿಲ್ಲ" ಅಂದರು. ಅದು ಶೆಟ್ಟರ ಗಾದಿಗೆ ಸಲ್ಲುತ್ತಿರುವ ಗೌರವ ಅಂತ ಹೇಳಲು ನನಗೆ ಮನಸ್ಸಾಗಲಿಲ್ಲ. ಅವರೂ ಒಳ್ಳೆಯವರು, ಅರ್ಧ ಗಂಟೆಯಲ್ಲಿ ಅರ್ಜಿ ನೋಡಿ ರಸೀದಿ ಕೊಟ್ಟರು.

ಟೋಕನ್ ಕೊಡುವ ಹೆಂಗಸನ್ನು ಮೆಲ್ಲಗೆ ಕೇಳಿದೆ: "ಮುಂಚೆ ಇಲ್ಲಿ ಮೆಟ್ಟಿಲ ಕೆಳಗೆ ಒಬ್ಬರು ಟೈಲರ್ ಇದ್ರಲ್ಲಮ್ಮ, ಬಾಷಾ ಸಾಬ್ರು ಅಂತ..."

"ಇದ್ರು ಅಂತ ಯಾಕಂತೀರಾ? ಅಕಾ, ಅಲ್ಲೇ ಕುಂತವ್ರಲ್ಲ!"

ಅದೇ ಮೆಟ್ಟಿಲು, ಅದೇ ಕೆಳಗಿನ ಮೂಲೆ. ಮೇಲೊಂದು ಟ್ಯೂಬ್‌ಲೈಟ್ ಮಾತ್ರ ಹೊಸದು. ಬಿಳಿ ಗಡ್ಡದ ಮುದುಕರೊಬ್ಬರು ಕೆಂಪು ಬಟ್ಟೆಯ ದೊಡ್ಡ ಚೌಕಗಳನ್ನು ಹೊಲಿಯುತ್ತಿದ್ದರು. ಹಳೇ ಕಡತಗಳನ್ನು ಗಂಟು ಕಟ್ಟಿಡಲು ಕಚೇರಿಯವರಿಗೆ ಬೇಕಾಗುತ್ತದಲ್ಲ, ಆ ಬಟ್ಟೆ. ನಾನು ಹೋಗಿ ನಿಂತೆ.

"ಏನ್ ಹೊಲಿಬೇಕಿತ್ತಮ್ಮ?"

"ಹೊಲಿಸಕ್ಕೆ ಬಂದಿಲ್ಲ. ನಾನು ತಾಯಮ್ಮನ ದೊಡ್ಡ ಮಗಳು. ನೀವೊಂದು ನೀಲಿ ಲಂಗ ಹೊಲಿದಿದ್ರಿ, ಅದರ ಬಟ್ಟೆ..."

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖ ನೋಡಿದರು. "ಅರೆ, ಆನೆಮರಿ!" ಅಂದರು.

ಅಂದರೆ ಒಂದಕ್ಷರವನ್ನೂ ಮರೆತಿರಲಿಲ್ಲ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಡ್ರಾಯರಿನ ಸಾಕ್ಷಿ ಸುಳ್ಳಾದದ್ದು, ಮಡಿಕೆ ಬಿಚ್ಚಿದ್ದು, ಸ್ಕೂಲು ಉಳಿದದ್ದು, ಕೊನೆಗೆ ಅವರೆಕಾಯಿಯ ಕಳ್ಳತನ ಕೂಡ. ಕೇಳಿ ಅವರು ತೊಡೆ ತಟ್ಟಿಕೊಂಡು ನಕ್ಕರು. "ಓಹೋ, ಅದಕ್ಕಾ ನಿಮ್ಮವ್ವ ದೂರದಿಂದ ತಲೆ ಆಡಿಸ್ತಿದ್ದಿದ್ದು! ಯಾಕೆ ಅಂತ ನಂಗೆ ತಿಳೀತಾನೇ ಇರ್ಲಿಲ್ಲ. ಹೆಣ್ಮಗಳು ಆಡಿಸ್ತಾವ್ರಲ್ಲ ಅಂತ ನಾನೂ ಆಡಿಸ್ತಿದ್ದೆ. ಬಟ್ಟೆ ವಿಷ್ಯ ಹೋಗ್ಲಿ, ಸೊಗಡಿನ ಅವರೆ ಕೈತಪ್ಪೋಯ್ತಲ್ಲಮ್ಮ, ಅದು ಮಾತ್ರ ಅನ್ಯಾಯ."

ನನಗೆ ನಗು ಬರಲಿಲ್ಲ. "ಅವತ್ತು ಯಾಕೆ ಸುಮ್ಮನಿದ್ರಿ? ಹೊಲಿಗೆ ಬಿಚ್ಚಿ ತೋರಿಸಿದ್ರೆ ಅವ್ವನ ಬಾಯಿ ಅಲ್ಲೇ ಮುಚ್ಚುತ್ತಿತ್ತು. ಈ ಕತ್ತಲಿಗೆ ಬರೋದೂ ತಪ್ತಿತ್ತು."

ಅವರು ಕೆಂಪು ಬಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಬಿಚ್ಚಿ ತೋರಿಸಿದ್ರೆ ನಿಮ್ಮವ್ವ ಸುಮ್ನೆ ಬಿಡ್ತಿದ್ರಾ? ಅಲ್ಲೇ ಕತ್ತರಿಸಿ ಚಿಕ್ಕವಳ್ಗೆ ಹೊಲಿಸ್ತಿದ್ರು. ನೀನು ಆಗ ಥಾನಿನ ಅಂಚಲ್ಲಿ ಅಚ್ಚಾಗಿರೋ ಗಿರಣಿ ಹೆಸರ್ನೂ ಬಿಡ್ದೆ ಓದ್ತಾ ಕುಂತಿದ್ದೆ. ಕಾಲು ನೋಡುದ್ರೆ ಉದ್ದ ಆಗೋ ಕಾಲು. ಲಂಗ ಮೋಟಾಯ್ತು ಅಂತ ಸ್ಕೂಲ್ ಬಿಡ್ಸಿದ ಹೆಣ್ಮಕ್ಳನ್ನ ನಮ್ಮನೇಲೇ ನೋಡಿದ್ದೆ, ನನ್ ತಂಗೀನೇ. ಒಸಿ ಹೊತ್ತು ಬೈಸ್ಕಂಡ್ರೆ ಮುಗೀತು, ಬಟ್ಟೆ ಒಳಗಿರ್ಲಿ ಅಂತ ಸುಮ್ನಾದೆ."

ನನಗೆ ಅಳು ತಡೆಯಲಾಗಲಿಲ್ಲ. ಅವರೇ ಗಾಬರಿಯಾಗಿ ಸಮಾಧಾನ ಮಾಡಿದರು. "ಅಳಬೇಡಮ್ಮ. ಈ ಮೆಟ್ಲ ಕೆಳಕ್ಕೆ ಬಂದಿದ್ದು ಒಳ್ಳೇದೇ ಆಯ್ತು ನೋಡು. ಜಗುಲಿ ಮೇಲಿದ್ದೋರನ್ನೆಲ್ಲ ಎಬ್ಬಿಸುದ್ರು. ಮೆಟ್ಲ ಕೆಳಗಿಂದು ಅಂಗಡಿ ಲಿಸ್ಟಲ್ಲೇ ಇರ್ಲಿಲ್ಲ, ನಾನು ಉಳ್ಕಂಡೆ. ಅದೆಲ್ಲ ಯಾವ್ ಕಾಲದ್ದೋ, ಮರ್ತುಬಿಡು."

ಮರೆಯುವುದಕ್ಕಾಗುತ್ತದೆಯೇ? ಆ ದಿನ ಕಳ್ಳ ಅಂದದ್ದು ಇಡೀ ಅಂಗಳಕ್ಕೆ ಕೇಳುವ ಹಾಗೆ. ಈಗ ಮೂಲೆಯಲ್ಲಿ ಕೂತು, ಕಿವಿಯಲ್ಲಿ ಪಿಸುಗುಟ್ಟಿ, ಕಣ್ಣೊರೆಸಿಕೊಂಡು ಬಸ್ಸು ಹತ್ತಿದರೆ ಅದೂ ಒಂದು ಕ್ಷಮೆಯೇ? ಎದ್ದೆ. "ಎಲ್ಲಿಗಮ್ಮ?" ಅಂದರು. ಅಂಗಳದ ಮಧ್ಯಕ್ಕೆ, ಅವ್ವ ನಿಂತಿದ್ದ ಜಾಗಕ್ಕೇ ಹೋಗಿ ನಿಂತೆ. ಪ್ರಾರ್ಥನೆಯ ಹೊತ್ತಿನಲ್ಲಿ ಮುನ್ನೂರು ಮಕ್ಕಳಿಗೆ ಕೇಳಿಸುತ್ತಿದ್ದ ದನಿ ಇನ್ನೂ ಸತ್ತಿಲ್ಲ.

"ಕೇಳ್ರಪ್ಪಾ ಎಲ್ಲಾರೂ! ಬಾಷಾ ಸಾಬ್ರು ನಮ್ಮ ಬಟ್ಟೆ ಕದ್ದಿರ್ಲಿಲ್ಲ! ಒಂದು ಚೂರೂ ಕದ್ದಿರ್ಲಿಲ್ಲ! ಸುಳ್ಳು ಹೇಳಿದ್ದು ನಾನು!"

ಟೋಕನ್ ಸಾಲಿನವರೆಲ್ಲ ತಿರುಗಿದರು. ಗಾಜಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಎಳೆಯ ಅಧಿಕಾರಿ ಓಡಿ ಬಂದು, "ಏನಾಯ್ತು ಮೇಡಂ? ಯಾರ ಮೇಲೆ ಕಂಪ್ಲೇಂಟು?" ಅಂದರು.

"ಕಂಪ್ಲೇಂಟ್ ಕೊಡ್ತಿಲ್ಲಪ್ಪ," ಅಂದೆ, "ಕೊಟ್ಟಿದ್ದನ್ನ ವಾಪಸ್ ತಗೋತಾ ಇದೀನಿ."

ಜನ ಮೆಟ್ಟಿಲ ಕಡೆ ನೋಡಿದರು. ನಾನೂ ನೋಡಿದೆ. ಸಾಬರು ಮಿಷನ್ನು ಬಿಟ್ಟು ಎದ್ದು, ಗೋಡೆ ಹಿಡಿದುಕೊಂಡು ಬೆಳಕಿಗೆ ಬಂದು ನಿಂತಿದ್ದರು. ಮರ್ತುಬಿಡು ಅಂದಿದ್ದ ಮನುಷ್ಯ ಕನ್ನಡಕ ತೆಗೆದು ತೋಳಿಗೆ ಕಣ್ಣೊತ್ತಿಕೊಂಡರು.

"ಇನ್ನೊಂದ್ ಕಿತ ಹೇಳಮ್ಮ" ಅಂದರು.

ಹೇಳಿದೆ.